ಕೊಟ್ಟದ್ದು, ತೆತ್ತದ್ದು: ಗ್ರೀಕ್ ದೇವತೆಗಳ ಊರುಗಳಲ್ಲಿ

ಗ್ರೀಕ್ ಪುರಾಣದ ದೇವತೆಗಳಿಗೆ ಒಲಿಂಪಸ್ ಪರ್ವತದ ಮೇಲೆ ಮನೆಗಳಿದ್ದರೂ ಅವರ ವ್ಯವಹಾರವೆಲ್ಲ ನಡೆಯುವುದು ಕೆಳಗಿನ ಊರುಗಳಲ್ಲಿ. ಬಾವಿಕಟ್ಟೆಯ ಬಳಿ ಮುದುಕಿಯ ವೇಷದಲ್ಲಿ ಕುಳಿತು, ಅರಸನ ಮನೆಯ ಮದುವೆಯೂಟಕ್ಕೆ ಬಂದು, ರೋಗಿಯ ಕನಸಿನೊಳಗೆ ಇಳಿದು ಅವರು ಮನುಷ್ಯರೊಡನೆ ಮಾತನಾಡುತ್ತಾರೆ. ಏನನ್ನೋ ಕೊಡುತ್ತಾರೆ, ಅದಕ್ಕೆ ಪ್ರತಿಯಾಗಿ ಏನನ್ನೋ ವಸೂಲು ಮಾಡುತ್ತಾರೆ. ಆ ಊರುಗಳಲ್ಲಿ ಹೆಚ್ಚಿನವು ಇಂದಿಗೂ ತಮ್ಮ ಹಳೆಯ ಹೆಸರನ್ನು ಉಳಿಸಿಕೊಂಡಿವೆ. ಅಕ್ಟೋಬರ್ ಆರಂಭದಲ್ಲಿ ಅಕ್ಕನೂ ನಾನೂ ಗ್ರೀಸಿಗೆ ಹೋದಾಗ ದ್ವೀಪಗಳನ್ನೂ ಕಡಲತೀರಗಳನ್ನೂ ಬಿಟ್ಟು, ಈ ಕಥೆಗಳು ನಡೆದವೆಂದು ಪ್ರಾಚೀನರೇ ಗುರುತಿಸಿದ್ದ ಸ್ಥಳಗಳನ್ನು ಒಂದು ದಾರಿಯಾಗಿ ಜೋಡಿಸಿಕೊಂಡೆವು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾಗಿರುವ ಅಕ್ಕ ಕಲ್ಲುಗಳ ಕಾಲವನ್ನು ವಿಚಾರಿಸುತ್ತಿದ್ದಳು. ನಾನು ಪ್ರತಿ ಊರಿನಲ್ಲಿಯೂ ದೇವರು ಕೊಟ್ಟದ್ದೇನು, ಮನುಷ್ಯರು ತೆತ್ತದ್ದೇನು ಎಂಬುದನ್ನು ಹುಡುಕುತ್ತಿದ್ದೆ.

ಬುಧವಾರ, ಅಥೆನ್ಸ್

ಹಳೆಯ ದೇಗುಲಗಳಿರುವ ಅಕ್ರೊಪೊಲಿಸ್ ಬೆಟ್ಟದ ಬಾಗಿಲು ತೆರೆಯುವ ಹೊತ್ತಿಗೇ ಸಾಲಿನಲ್ಲಿ ನಿಂತಿದ್ದೆವು. ಒಳಗೆ ಬಂದವರೆಲ್ಲ ಪಾರ್ಥೆನಾನ್ ಕಡೆಗೆ ನಡೆದರೆ ನಾವು ಎಡಗಡೆಯ ಎರೆಕ್ಥಿಯಾನ್ ದೇಗುಲದ ಬಳಿಗೆ ಹೋದೆವು, ಏಕೆಂದರೆ ಈ ನಗರವು ಯಾವ ದೇವತೆಗೆ ಸೇರಬೇಕೆಂಬ ವ್ಯಾಜ್ಯ ನಡೆದದ್ದು ಅಲ್ಲಿಯೇ. ಸಮುದ್ರದ ಒಡೆಯ ಪೊಸೈಡನ್ ತನ್ನ ತ್ರಿಶೂಲದಿಂದ ಬಂಡೆಯನ್ನು ತಿವಿದು ಉಪ್ಪುನೀರಿನ ಬುಗ್ಗೆಯೊಂದನ್ನು ಚಿಮ್ಮಿಸಿದನು. ಅಥೀನಾ ದೇವಿ ಆಲಿವ್ ಗಿಡವೊಂದನ್ನು ನೆಟ್ಟಳು. ತ್ರಿಶೂಲ ನಾಟಿದ ಗುರುತೆಂದು ನಂಬಲಾದ ಬಂಡೆಯ ಗುಳಿಗಳನ್ನು ಮುಚ್ಚಬಾರದೆಂದು ಉತ್ತರದ ಮುಖಮಂಟಪದ ನೆಲಹಾಸಿನಲ್ಲಿ ಕಲ್ಲು ಹಾಸದೆ ತೆರವು ಬಿಟ್ಟಿದ್ದಾರೆ. ಅದಕ್ಕೆ ನೇರವಾಗಿ ಚಾವಣಿಯಲ್ಲಿಯೂ ಒಂದು ಕಿಂಡಿಯನ್ನು ಉಳಿಸಿದ್ದಾರೆ. ದೇಗುಲದ ಪಶ್ಚಿಮದ ಗೋಡೆಯ ಬಳಿ ಆಲಿವ್ ಮರವಿದೆ. ಈಗಿರುವುದು ಇತ್ತೀಚಿನ ಕಾಲದಲ್ಲಿ ನೆಟ್ಟದ್ದು, ಆದರೆ ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಈ ಬೆಟ್ಟವನ್ನು ಸುಟ್ಟಾಗ ಮೂಲದ ಮರವೂ ಬೆಂದುಹೋಗಿ, ಮರುದಿನವೇ ಅದರ ಬೊಡ್ಡೆಯಿಂದ ಒಂದು ಮೊಳ ಉದ್ದದ ಚಿಗುರು ಹೊರಟಿತ್ತೆಂದು ಪ್ರಾಚೀನ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ.

ವ್ಯಾಜ್ಯದಲ್ಲಿ ಅಥೀನಾ ಗೆದ್ದಳೆಂಬುದು ಎಲ್ಲರೂ ಬಲ್ಲ ಕಥೆ. ರೋಮನ್ ವಿದ್ವಾಂಸ ವ್ಯಾರೊ ಹೇಳಿದ, ಸಂತ ಅಗಸ್ಟಿನ್‌ನ ಬರಹದಲ್ಲಿ ಉಳಿದುಬಂದ ಪಾಠಾಂತರದಲ್ಲಿ ಈ ಗೆಲುವಿಗೆ ತೆತ್ತ ಬೆಲೆಯೂ ಇದೆ. ಆ ಪ್ರಕಾರ ಅರಸ ಕೆಕ್ರೋಪ್ಸ್ ಊರಿನ ಗಂಡಸರನ್ನೂ ಹೆಂಗಸರನ್ನೂ ಸೇರಿಸಿ ಮತ ಕೇಳಿದನು. ಗಂಡಸರೆಲ್ಲ ಪೊಸೈಡನ್‌ಗೆ, ಹೆಂಗಸರೆಲ್ಲ ಅಥೀನಾಗೆ ಮತ ಕೊಟ್ಟರು. ಹೆಂಗಸರು ಒಬ್ಬರು ಹೆಚ್ಚಾಗಿದ್ದುದರಿಂದ ದೇವಿ ಗೆದ್ದಳು. ಸಿಟ್ಟಾದ ಪೊಸೈಡನ್ ಸಮುದ್ರವನ್ನು ಊರಿನ ಮೇಲೆ ಹರಿಸಿದಾಗ ಅವನನ್ನು ಸಮಾಧಾನಪಡಿಸಲು ಗಂಡಸರು ಹೆಂಗಸರಿಗೆ ಮೂರು ಶಿಕ್ಷೆಗಳನ್ನು ವಿಧಿಸಿದರು: ಇನ್ನು ಮುಂದೆ ಅವರಿಗೆ ಮತವಿಲ್ಲ, ಮಕ್ಕಳಿಗೆ ತಾಯಿಯ ಹೆಸರಿಲ್ಲ, ಅವರನ್ನು ಅಥೆನ್ಸಿನವರೆಂದು ಯಾರೂ ಕರೆಯುವಂತಿಲ್ಲ. ತನ್ನನ್ನು ಗೆಲ್ಲಿಸಿದವರಿಗೆ ಈ ಗತಿಯಾದಾಗ ಅಥೀನಾ ಬಾಯಿಬಿಟ್ಟಳೆಂದು ಕಥೆಯಲ್ಲಿ ಎಲ್ಲಿಯೂ ಇಲ್ಲ. ಅಗಸ್ಟಿನ್‌ಗೂ ಇದೇ ಚುಚ್ಚಿತ್ತು; ತನಗೆ ಮತ ಕೊಟ್ಟವರನ್ನು ಕಾಪಾಡಲಾರದ ದೇವತೆ ಎಂಥವಳು ಎಂದು ಅವನು ವಾದಿಸುತ್ತಾನೆ. ಅವನ ವಾದದ ಉದ್ದೇಶ ಬೇರೆಯಾದರೂ ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಸಂಜೆ ಅಕ್ರೊಪೊಲಿಸ್‌ನ ಪಕ್ಕದಲ್ಲಿಯೇ ಇರುವ ಅರಿಯೊಪಾಗಸ್ ಗುಡ್ಡವನ್ನು ಹತ್ತಿದೆವು. ಹಳೆಯ ಕಲ್ಲುಮೆಟ್ಟಿಲುಗಳು ಜನರ ಕಾಲಿನಡಿ ಸವೆದು ಜಾರುತ್ತವೆ, ಆದ್ದರಿಂದ ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲುಗಳನ್ನು ಹಾಕಿದ್ದಾರೆ. ತಾಯಿಯನ್ನು ಕೊಂದ ಒರೆಸ್ಟಿಸ್‌ನ ವಿಚಾರಣೆ ನಡೆದದ್ದು ಇಲ್ಲಿ ಎಂಬುದು ನಾಟಕಕಾರ ಈಸ್ಕಿಲಸ್‌ನ ಕಥನ. ಮತಗಳು ಸಮನಾಗಿ ಅವನು ಬಿಡುಗಡೆಯಾದನು. ಅವನ ಬೆನ್ನುಹತ್ತಿ ಬಂದಿದ್ದ ಎರಿನಿಗಳೆಂಬ ಸೇಡಿನ ದೇವತೆಗಳಿಗೆ ಈ ಗುಡ್ಡದ ಕೆಳಗಿನ ನೆಲದಲ್ಲಿ ವಾಸಸ್ಥಾನವನ್ನೂ ಪೂಜೆಯನ್ನೂ ಕೊಟ್ಟು ಒಲಿಸಿಕೊಳ್ಳಬೇಕಾಯಿತು. ಆ ದಿನ ಅಥೀನಾ ಬಹಳ ಹೊತ್ತು ಮಾತನಾಡಿದಳು.

ಗುರುವಾರ, ಎಲ್ಯೂಸಿಸ್

ಅಥೆನ್ಸಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೊಮೀಟರ್ ದೂರದ ಎಲ್ಯೂಸಿಸ್‌ಗೆ ಹೋಗುವ ರಸ್ತೆಯ ಹೆಸರು ಇಂದಿಗೂ ಇಯೆರಾ ಓಡೊಸ್, ಅಂದರೆ ಪವಿತ್ರ ಮಾರ್ಗ. ಪ್ರತಿ ವರ್ಷ ಶರತ್ಕಾಲದ ಆರಂಭದಲ್ಲಿ ಅಲ್ಲಿನ ಗುಪ್ತ ವಿಧಿಗಳ ದೀಕ್ಷೆ ಪಡೆಯಲಿದ್ದವರು ಈ ದಾರಿಯಲ್ಲಿ ಮೆರವಣಿಗೆಯಾಗಿ ನಡೆದುಹೋಗುತ್ತಿದ್ದರು. ಈಗ ಅದರ ಇಕ್ಕೆಲಗಳಲ್ಲಿ ಟೈರು ಅಂಗಡಿಗಳೂ ಗೋದಾಮುಗಳೂ ಇವೆ. ಊರು ಸಮೀಪಿಸುತ್ತಿದ್ದಂತೆ ತೈಲ ಶುದ್ಧೀಕರಣ ಘಟಕದ ಕೊಳವೆಗಳು ಕಾಣಿಸಿಕೊಳ್ಳುತ್ತವೆ. ಧಾನ್ಯದ ದೇವಿ ಡಿಮೀಟರ್ ಮನುಷ್ಯರಿಗೆ ಕೃಷಿಯನ್ನು ಕಲಿಸಿದ ಊರು ಗ್ರೀಸಿನ ಕೈಗಾರಿಕೆಯ ಊರಾಗಿ ಬೆಳೆದಿದೆ.

ನನಗೆ ಎಲ್ಲ ಗ್ರೀಕ್ ಕಥೆಗಳಲ್ಲಿಯೂ ಹೆಚ್ಚು ಹತ್ತಿರವಾದದ್ದು ಈ ಊರಿನ ಕಥೆ. ಹೋಮರನ ಹೆಸರಿನಲ್ಲಿ ಉಳಿದುಬಂದಿರುವ, 1777ರಲ್ಲಿ ಮಾಸ್ಕೊದಲ್ಲಿ ಒಂದೇ ಒಂದು ಹಸ್ತಪ್ರತಿಯಾಗಿ ಸಿಕ್ಕಿದ ಡಿಮೀಟರ್ ಸ್ತೋತ್ರದಲ್ಲಿ ಅದು ಬರುತ್ತದೆ. ತನ್ನ ಮಗಳು ಪರ್ಸೆಫೊನಿಯನ್ನು ಪಾತಾಳದ ಒಡೆಯ ಹೇಡಿಸ್ ಹೊತ್ತೊಯ್ದ ಮೇಲೆ ಡಿಮೀಟರ್ ಮುದುಕಿಯ ರೂಪದಲ್ಲಿ ಅಲೆಯುತ್ತ ಇಲ್ಲಿಗೆ ಬಂದು ಬಾವಿಯ ಬಳಿ ಕುಳಿತಳು. ನೀರಿಗೆ ಬಂದ ಅರಸ ಕೆಲಿಯಸ್‌ನ ಹೆಣ್ಣುಮಕ್ಕಳು ಅವಳನ್ನು ಮಾತನಾಡಿಸಿ, ತಾಯಿ ಮೆಟನೈರಾಳನ್ನು ಕೇಳಿ, ಮನೆಗೆ ಕರೆದೊಯ್ದರು. ಆ ಮನೆಯಲ್ಲಿ ಬಹಳ ಕಾಲ ಹಂಬಲಿಸಿ ಪಡೆದ ಗಂಡುಮಗುವೊಂದಿತ್ತು, ಅದರ ಹೆಸರು ಡೆಮೊಫೋನ್. ಇಯಾಂಬೆ ಎಂಬ ಕೆಲಸದವಳ ಚೇಷ್ಟೆಗೆ ಮೊದಲ ಸಲ ನಕ್ಕು, ದ್ರಾಕ್ಷಾರಸವನ್ನು ಬೇಡವೆಂದು, ನೀರಿಗೆ ಬಾರ್ಲಿಯನ್ನೂ ಪುದೀನದ ಜಾತಿಯ ಸೊಪ್ಪನ್ನೂ ಬೆರೆಸಿದ ಪಾನಕವನ್ನಷ್ಟೇ ಕುಡಿದು, ದೇವಿ ಆ ಮಗುವಿನ ದಾದಿಯಾದಳು.

ಹಗಲಿನಲ್ಲಿ ಅವಳು ಮಗುವಿಗೆ ಅಮೃತವನ್ನು ಸವರುತ್ತಿದ್ದಳು, ರಾತ್ರಿ ಯಾರಿಗೂ ತಿಳಿಯದಂತೆ ಒಲೆಯ ಕೆಂಡದೊಳಗೆ ಮಲಗಿಸುತ್ತಿದ್ದಳು. ಮನುಷ್ಯನ ಸಾಯುವ ಅಂಶವನ್ನು ಹೀಗೆ ಸುಟ್ಟು ಕಳೆಯುವುದು ಅವಳ ಉದ್ದೇಶ. ಒಂದು ರಾತ್ರಿ ಮೆಟನೈರಾ ಇದನ್ನು ಕಂಡು ತೊಡೆ ಬಡಿದುಕೊಂಡು ಕೂಗಿದಳು. ಡಿಮೀಟರ್ ಸಿಟ್ಟಿನಿಂದ ಮಗುವನ್ನು ನೆಲಕ್ಕೆ ಹಾಕಿ, ಒಳಿತು ಕೆಡುಕು ಬರುವುದನ್ನು ಮುಂದಾಗಿ ಕಾಣಲಾರದ ಮೂಢರು ನೀವು ಎಂದು ಮನುಷ್ಯ ಕುಲವನ್ನೇ ಬೈದು, ಇನ್ನು ಈ ಮಗು ಸಾವನ್ನು ತಪ್ಪಿಸಿಕೊಳ್ಳಲಾರದೆಂದು ಹೇಳಿ, ತನ್ನ ನಿಜರೂಪವನ್ನು ತೋರಿ, ತನಗೊಂದು ಗುಡಿ ಕಟ್ಟಿಸಬೇಕೆಂದು ಆಜ್ಞೆ ಮಾಡಿದಳು. ಆಮೇಲಿನ ಸಾಲುಗಳನ್ನು ಅನೇಕರು ಓದದೆ ದಾಟಿಬಿಡುತ್ತಾರೆ. ತಾಯಿ ಮಾತು ಹೊರಡದೆ ಕುಸಿದಿದ್ದಾಗ ಅಕ್ಕಂದಿರು ಹಾಸಿಗೆಯಿಂದ ಎದ್ದು ಓಡಿಬಂದರು. ಒಬ್ಬಳು ಮಗುವನ್ನು ಎತ್ತಿಕೊಂಡಳು, ಒಬ್ಬಳು ಬೆಂಕಿಯನ್ನು ಹೊತ್ತಿಸಿದಳು, ಒಬ್ಬಳು ತಾಯಿಯನ್ನು ಎಬ್ಬಿಸಲು ಹೋದಳು. ಎಲ್ಲರೂ ಸುತ್ತ ಕುಳಿತು ಮೈತೊಳೆದು ಮುದ್ದಿಸಿದರೂ ಮಗು ಸುಮ್ಮನಾಗಲಿಲ್ಲ, ಏಕೆಂದರೆ ಈಗ ಅದನ್ನು ಹಿಡಿದಿದ್ದ ಕೈಗಳು ಮೊದಲಿನ ದಾದಿಯ ಕೈಗಳಷ್ಟು ನುರಿತವಾಗಿರಲಿಲ್ಲ.

ಬಾವಿಯ ಬಳಿ ಕುಳಿತು ಈ ಭಾಗವನ್ನು ಅಕ್ಕನಿಗೆ ಓದಿ ಹೇಳಿದೆ. ಆವರಣದ ಬಾಗಿಲಿನ ಹತ್ತಿರವೇ ಕಲಿಕೊರಾನ್ ಎಂಬ ಬಾವಿಯಿದೆ. ಕಲ್ಲಿನ ದುಂಡು ಕಟ್ಟೆ ಇಂದಿಗೂ ಗಟ್ಟಿಯಾಗಿದ್ದು, ಒಳಗಿನ ಸುತ್ತುಗಳನ್ನು ಅಷ್ಟೇ ನಾಜೂಕಾಗಿ ಜೋಡಿಸಿದ್ದಾರೆ.

"ಮಗು ಬೆಂಕಿಯಲ್ಲಿರುವುದನ್ನು ನೋಡಿ ಕೂಗದಿದ್ದರೆ ಅವಳು ತಾಯಿಯೇ ಅಲ್ಲ," ಎಂದಳು ಅಕ್ಕ. "ದೇವಿ ಮೊದಲೇ ಹೇಳಬಹುದಿತ್ತು."

ಹೇಳುವುದಿಲ್ಲ ಎಂಬುದೇ ಈ ಕಥೆಗಳ ಕ್ರೂರವಾದ ಭಾಗ. ವಿಷಯವೇನೆಂದು ಮನುಷ್ಯರಿಗೆ ತಿಳಿಸದೆಯೇ ಅವರೊಡನೆ ಒಪ್ಪಂದ ನಡೆಯುತ್ತದೆ. ಮೆಟನೈರಾ ಕೂಗಿದ್ದರಿಂದ ಮಗ ಅಮರತ್ವವನ್ನು ಕಳೆದುಕೊಂಡನು. ಆದರೆ ಆ ಕೂಗಿನಿಂದಲೇ ಡಿಮೀಟರ್ ದಾದಿಯ ವೇಷವನ್ನು ಕಳಚಿದಳು, ಗುಡಿ ಎದ್ದಿತು, ಕೊನೆಗೆ ಸತ್ತ ಮೇಲಿನ ಬದುಕಿನ ಬಗ್ಗೆ ಭರವಸೆ ನೀಡುವ ಗುಪ್ತ ವಿಧಿಗಳು ಎಲ್ಲರಿಗೂ ದೊರೆತವು. ಗ್ರೀಕ್ ಮಾತು ಬಲ್ಲವರಾಗಿ, ಕೊಲೆಯ ಕಳಂಕ ಇಲ್ಲದವರಾಗಿದ್ದರೆ ಹೆಂಗಸರಿಗೂ ಗುಲಾಮರಿಗೂ ಇಲ್ಲಿ ದೀಕ್ಷೆಯಿತ್ತು. ಸಾವಿರಾರು ಜನ ಸೇರುತ್ತಿದ್ದ ಟೆಲೆಸ್ಟೀರಿಯನ್ ಸಭಾಭವನದಲ್ಲಿ ಈಗ ಕಂಬಗಳ ಬುಡಗಳೂ ಬಂಡೆಯಲ್ಲಿ ಕಡಿದ ಮೆಟ್ಟಿಲಾಸನಗಳೂ ಉಳಿದಿವೆ. ಒಳಗೆ ಏನು ನಡೆಯುತ್ತಿತ್ತೆಂಬುದನ್ನು ದೀಕ್ಷಿತರು ಹೊರಗೆ ಹೇಳಲಿಲ್ಲ. 392ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ಪೂಜೆಗಳನ್ನು ನಿಷೇಧಿಸಿದ ಮೇಲೆ, 396ರಲ್ಲಿ ಅಲಾರಿಕ್‌ನ ಗೋಥರು ಈ ಸ್ಥಳವನ್ನು ಹಾಳುಮಾಡಿದರು.

ಹಾಗಿದ್ದರೂ ಊರಿನವರು ದೇವಿಯೊಡನೆ ವ್ಯವಹಾರವನ್ನು ಮುರಿದುಕೊಳ್ಳಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣಿನ ದೊಡ್ಡ ಅಮೃತಶಿಲೆಯ ಮೂರ್ತಿಯೊಂದು ಇಲ್ಲಿ ಅರ್ಧ ಹೂತುಹೋಗಿ ನಿಂತಿತ್ತು. ಬೆಳೆ ಚೆನ್ನಾಗಿ ಬರುವುದು ಅವಳಿಂದಲೇ ಎಂದು ನಂಬಿದ್ದ ರೈತರು ಅವಳ ಸುತ್ತ ಗೊಬ್ಬರ ಹಾಕುತ್ತಿದ್ದರು. 1801ರಲ್ಲಿ ಇ. ಡಿ. ಕ್ಲಾರ್ಕ್ ಎಂಬ ಆಂಗ್ಲ ಪ್ರವಾಸಿ, ಊರಿನವರ ವಿರೋಧವಿದ್ದರೂ ಅಂದಿನ ಆಡಳಿತದಿಂದ ಅನುಮತಿ ಪಡೆದು ಅದನ್ನು ಸಾಗಿಸಿಕೊಂಡು ಹೋದನು. ಮೂರ್ತಿಯನ್ನು ಹೊತ್ತ ಹಡಗು ಇಂಗ್ಲೆಂಡಿನ ತೀರದಲ್ಲಿ ಒಡೆದುಹೋಯಿತು. ಮೂರ್ತಿ ಮಾತ್ರ ಉಳಿದು ಈಗ ಕೇಂಬ್ರಿಜ್‌ನಲ್ಲಿದೆ. ಅದರ ಜೊತೆಯದು ಇಲ್ಲಿನ ಮ್ಯೂಸಿಯಂನಲ್ಲಿದೆ. ಅದರ ಮುಖ ಒಡೆದಿದೆ, ಬುಟ್ಟಿಯ ಮೇಲಿನ ಗೋಧಿಯ ತೆನೆ ಮಾತ್ರ ಕಾಳು ಕಾಳಾಗಿ ಕಾಣುತ್ತದೆ.

ಮ್ಯೂಸಿಯಂ ಇರುವ ದಿಬ್ಬದಿಂದ ಕೊಲ್ಲಿಯ ಆಚೆಗೆ ಸಲಾಮಿಸ್ ದ್ವೀಪ ತೋರುತ್ತದೆ. ಕನ್ನಡಿಗರಿಗೆ ಈ ನೋಟದಲ್ಲಿ ಒಂದು ಸ್ವಂತದ ಸಂಬಂಧವಿದೆ. ದೇವರ ನೆರವಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ಅದಿಲ್ಲದೆಯೇ ತಾನು ಗೆಲ್ಲುವೆನೆಂದು ತಂದೆಯ ಮುಂದೆ ಆಡಿ ಅಥೀನಾಳ ಕೋಪಕ್ಕೆ ಸಿಕ್ಕಿ ಹುಚ್ಚನಾದ ವೀರ ಅಯಾಸ್ ಈ ದ್ವೀಪದವನು. ಸೊಫೊಕ್ಲಿಸ್ ಬರೆದ ಅವನ ದುರಂತವನ್ನೇ ಬಿ. ಎಂ. ಶ್ರೀಕಂಠಯ್ಯನವರು 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ಇಳಿಸಿದರು. ಅವರು ಕನ್ನಡಕ್ಕೆ ತಂದ ಇನ್ನೊಂದು ಗ್ರೀಕ್ ನಾಟಕ 'ಪಾರಸಿಕರು' ಇದೇ ನೀರಿನಲ್ಲಿ ನಡೆದ ಕ್ರಿ.ಪೂ. 480ರ ನೌಕಾಯುದ್ಧದ ಸುದ್ದಿಯನ್ನು ಹೇಳುತ್ತದೆ. ಅದರ ಮೂಲಕರ್ತೃ ಈಸ್ಕಿಲಸ್ ಹುಟ್ಟಿದ್ದು ಎಲ್ಯೂಸಿಸ್‌ನಲ್ಲಿಯೇ. ಆ ನಾಟಕದಲ್ಲಿ ಪರ್ಷಿಯಾದ ಅರಸ ಕ್ಸೆರ್ಕ್ಸಿಸ್ ಸೋತದ್ದಕ್ಕೆ ಅವನ ಸತ್ತ ತಂದೆಯ ಪ್ರೇತ ಹೇಳುವ ಕಾರಣವೂ ದೇವತೆಗಳಿಗೆ ಸೇರಿದ್ದೇ: ಮರ್ತ್ಯನೊಬ್ಬ ಜಲಸಂಧಿಗೆ ಸೇತುವೆ ಕಟ್ಟಿ ಸಮುದ್ರದ ಒಡೆಯನನ್ನು ನೊಗಕ್ಕೆ ಹೂಡಲು ಹೋದನು.

ಶುಕ್ರವಾರ, ಕೊರಿಂತ್

ಬಾಡಿಗೆಗೆ ಪಡೆದ ಕಾರಿನಲ್ಲಿ ಹೊರಟು, 1893ರಲ್ಲಿ ತೆರೆದ ಕೊರಿಂತ್ ಕಾಲುವೆಯ ಸೇತುವೆಯನ್ನು ದಾಟಿ, ಪ್ರಾಚೀನ ಕೊರಿಂತ್ ತಲುಪಿದೆವು. ಅಪೊಲೊ ದೇಗುಲದ ಏಳು ಕಂಬಗಳು ಇನ್ನೂ ನಿಂತಿವೆ, ಒಂದೊಂದೂ ಏಕಶಿಲೆಯದು. ನಾವು ಹೆಚ್ಚು ಹೊತ್ತು ಕಳೆದದ್ದು ಅದರ ಹಿಂದೆ 575 ಮೀಟರ್ ಎತ್ತರಕ್ಕೆ ಎದ್ದಿರುವ ಅಕ್ರೊಕೊರಿಂತ್ ಬೆಟ್ಟದಲ್ಲಿ.

ಸಿಸಿಫಸ್ ಈ ಊರಿನ ಅರಸ. ಅವನನ್ನು ನಾವೆಲ್ಲ ಬಂಡೆಯನ್ನು ಬೆಟ್ಟಕ್ಕೆ ಉರುಳಿಸುವ ಪಾತಾಳವಾಸಿಯಾಗಿ ಮಾತ್ರ ಬಲ್ಲೆವು. ಆದರೆ ಪ್ರಾಚೀನ ಪ್ರವಾಸಿ ಪೌಸೇನಿಯಸ್ ದಾಖಲಿಸಿದ ಸ್ಥಳೀಯ ಐತಿಹ್ಯದಲ್ಲಿ ಅವನ ಅಪರಾಧ ಒಂದು ಒಳ್ಳೆಯ ವ್ಯಾಪಾರ. ದೇವರಾಜ ಜ್ಯೂಸ್ ನದೀದೇವತೆ ಅಸೋಪಸ್‌ನ ಮಗಳು ಈಜಿನಾಳನ್ನು ಅಪಹರಿಸಿದ್ದನ್ನು ಸಿಸಿಫಸ್ ಕಂಡಿದ್ದನು. ಮಗಳನ್ನು ಹುಡುಕಿಕೊಂಡು ಬಂದ ತಂದೆಗೆ ಅವನು, ಬೆಟ್ಟದ ಮೇಲೆ ನೀರು ಕೊಟ್ಟರೆ ಹೇಳುವೆನೆಂದನು. ಅಸೋಪಸ್ ನೀರು ಕೊಟ್ಟನು, ಸಿಸಿಫಸ್ ಗುಟ್ಟು ಹೇಳಿದನು. ಆ ನೀರು ಇನ್ನೂ ಇದೆ. ಮೂರು ಕೋಟೆಬಾಗಿಲುಗಳನ್ನು ದಾಟಿ, ಸವೆದ ಕಲ್ಲುಹಾದಿಯಲ್ಲಿ ಏದುಸಿರು ಬಿಡುತ್ತ ಹತ್ತಿ, ಶಿಖರದ ಹತ್ತಿರ ನೆಲದಡಿಗೆ ಇಳಿಯುವ ಮೆಟ್ಟಿಲುಗಳ ಕೊನೆಯಲ್ಲಿ ಮೇಲಿನ ಪಿರೀನಿ ಬುಗ್ಗೆಯನ್ನು ಕಂಡೆವು. ಮೊಬೈಲಿನ ಬೆಳಕು ಹಾಯಿಸಿದಾಗ ನೀರು ಎಷ್ಟು ತಿಳಿಯಾಗಿತ್ತೆಂದರೆ ಅದು ಎಲ್ಲಿ ಆರಂಭವಾಗುತ್ತದೆಂಬುದು ಕಾಲಿನ ಬೆರಳು ತಣ್ಣಗಾದಾಗಲೇ ತಿಳಿಯಿತು. ಇಂಥ ಒಣಬೆಟ್ಟದ ನೆತ್ತಿಯಲ್ಲಿ ನೀರಿದ್ದರೆ ಕೋಟೆ ಶತ್ರುವಿನ ಮುತ್ತಿಗೆಯನ್ನು ತಾಳಿಕೊಳ್ಳುತ್ತದೆ. ಪ್ರಜೆಗಳಿಗಾಗಿ ಒಬ್ಬ ಅರಸ ಪಡೆಯಬಹುದಾದ ವರಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆ?

ಗುಟ್ಟು ಬಯಲಾದ ಸಿಟ್ಟಿಗೆ ಜ್ಯೂಸ್ ಸಾವಿನ ದೇವತೆಯನ್ನು ಕಳುಹಿಸಿದನು. ಸಿಸಿಫಸ್ ಸಾವನ್ನೇ ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಲೋಕದಲ್ಲಿ ಯಾರೂ ಸಾಯದಂತಾಯಿತು. ಯುದ್ಧದೇವತೆ ಏರಿಸ್ ಬಂದು ಸಾವನ್ನು ಬಿಡಿಸಬೇಕಾಯಿತು. ಪಾತಾಳಕ್ಕೆ ಹೋಗುವ ಮುನ್ನ ತನಗೆ ಉತ್ತರಕ್ರಿಯೆ ಮಾಡಬೇಡವೆಂದು ಹೆಂಡತಿಗೆ ಹೇಳಿಟ್ಟು, ಅಲ್ಲಿ ಅದನ್ನೇ ದೂರಾಗಿ ಒಪ್ಪಿಸಿ, ಅವಳನ್ನು ದಂಡಿಸಿ ಬರುವೆನೆಂದು ಮೇಲೆ ಬಂದು, ಮುದುಕನಾಗುವವರೆಗೆ ಬದುಕಿಬಿಟ್ಟನು. ಬಂಡೆ ಬಂದದ್ದು ಇದೆಲ್ಲ ಆದ ಮೇಲೆ. ಹೆಣ್ಣನ್ನು ಕದ್ದವನಿಗೆ ಯಾವ ಶಿಕ್ಷೆಯೂ ಇಲ್ಲದೆ, ಕದ್ದದ್ದನ್ನು ಹೇಳಿದವನಿಗೆ ಕೊನೆಯಿಲ್ಲದ ಶಿಕ್ಷೆಯಾದದ್ದನ್ನು ನೋಡಿದರೆ, ಸಿಸಿಫಸ್‌ನನ್ನು ಮೋಸಗಾರನೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ರಾತ್ರಿ ನಾಫ್ಪ್ಲಿಯೊ ಪಟ್ಟಣದಲ್ಲಿ ತಂಗಿದೆವು.

ಶನಿವಾರ, ಎಪಿಡೌರಸ್ ಮತ್ತು ಮೈಸೀನಿ

ಎಪಿಡೌರಸ್‌ಗೆ ಬರುವವರು ಅಲ್ಲಿನ ಬಯಲು ರಂಗಮಂದಿರವನ್ನು ನೋಡಲು ಬರುತ್ತಾರೆ. 55 ಸಾಲುಗಳ ಕಲ್ಲಿನ ಆಸನಗಳ ಕೊನೆಯಲ್ಲಿ ನಾನು ಕುಳಿತಿದ್ದಾಗ ಕೆಳಗಿನ ವೃತ್ತದ ನಡುವೆ ನಿಂತ ಅಕ್ಕ ಮಾಮೂಲಿ ದನಿಯಲ್ಲಿ ನನ್ನ ಹೆಸರು ಕರೆದದ್ದು ಸ್ಪಷ್ಟವಾಗಿ ಕೇಳಿಸಿತು. ಆದರೆ ಈ ಊರಿನ ನಿಜವಾದ ಸಂಪತ್ತು ರಂಗಮಂದಿರದಿಂದ ಸ್ವಲ್ಪ ದೂರದ, ಪೈನ್ ಮರಗಳ ನಡುವಿನ ಅಸ್ಕ್ಲೀಪಿಯಸ್ ಕ್ಷೇತ್ರದಲ್ಲಿದೆ.

ಅಸ್ಕ್ಲೀಪಿಯಸ್ ಅಪೊಲೊ ದೇವನಿಗೂ ಕೊರೊನಿಸ್ ಎಂಬ ಮಾನವ ಕನ್ಯೆಗೂ ಹುಟ್ಟಿದವನು; ತಾಯಿಯ ಚಿತೆಯಿಂದ ಎತ್ತಿ ತಂದ ಆ ಮಗುವಿಗೆ ಕೈರನ್ ಎಂಬ ಅರ್ಧ ಕುದುರೆಯ ಗುರು ವೈದ್ಯವನ್ನು ಕಲಿಸಿದನು. ಅವನು ಸತ್ತವರನ್ನೂ ಬದುಕಿಸತೊಡಗಿದಾಗ ಜ್ಯೂಸ್ ಸಿಡಿಲೆಸೆದು ಅವನನ್ನು ಕೊಂದನು. ಚಿನ್ನದ ಆಸೆಗೆ ಅವನು ಹೀಗೆ ಮಾಡಿದನೆಂದು ಕವಿ ಪಿಂಡಾರ್ ಹೇಳುತ್ತಾನೆ, ಆದರೆ ರೋಗಿಗಳು ಅದನ್ನು ನಂಬಿದಂತಿಲ್ಲ. ಮರ್ತ್ಯನಾಗಿ ಸತ್ತ ವೈದ್ಯನನ್ನೇ ಅವರು ದೇವರಾಗಿ ಪೂಜಿಸಿದರು. ಮಗನ ಸಾವಿಗೆ ಅಪೊಲೊ, ಜ್ಯೂಸ್‌ಗೆ ಸಿಡಿಲು ಮಾಡಿಕೊಟ್ಟ ಸೈಕ್ಲೋಪ್ಸ್‌ರನ್ನು ಕೊಂದನು, ಅದಕ್ಕೆ ಶಿಕ್ಷೆಯಾಗಿ ಅಡ್ಮೀಟಸ್ ಎಂಬ ಮರ್ತ್ಯ ಅರಸನ ದನಗಳನ್ನು ಒಂದು ವರ್ಷ ಕಾದನು. ಕೂಲಿಯಾಳಾಗಿ ಬಂದ ದೇವರನ್ನು ಅಡ್ಮೀಟಸ್ ಗೌರವದಿಂದ ನಡೆಸಿಕೊಂಡನು. ಅದನ್ನು ಅಪೊಲೊ ಮರೆಯಲಿಲ್ಲ, ಅಡ್ಮೀಟಸ್‌ನ ಸಾವಿನ ದಿನವನ್ನು ಮುಂದೂಡಿಸಲು ವಿಧಿದೇವಿಯರಿಗೆ ದ್ರಾಕ್ಷಾರಸ ಕುಡಿಸಿ ಒಪ್ಪಿಸಿದನು.

ರೋಗಿಗಳು ಇಲ್ಲಿನ ಉದ್ದನೆಯ ಮಂಟಪವೊಂದರಲ್ಲಿ ಮಲಗುತ್ತಿದ್ದರು, ದೇವರು ಕನಸಿನಲ್ಲಿ ಬಂದು ಗುಣಪಡಿಸುತ್ತಿದ್ದನು. ಗುಣವಾದವರ ಕಥೆಗಳನ್ನು ಕ್ರಿ.ಪೂ. 4ನೆಯ ಶತಮಾನದಲ್ಲಿ ಕಲ್ಲುಗಳ ಮೇಲೆ ಕೆತ್ತಿಸಿದ್ದಾರೆ. ಒಕ್ಕಣ್ಣಿನ ಆಂಬ್ರೊಸಿಯಾ ಅಥೆನ್ಸಿನಿಂದ ಬಂದವಳು, ಕನಸು ಕಂಡು ಕುಂಟರು ನಡೆಯುವುದುಂಟೇ ಎಂದು ನಕ್ಕವಳು. ದೇವರು ಅವಳನ್ನು ಗುಣಪಡಿಸಲು ಒಪ್ಪಿ, ಅವಳ ಅಜ್ಞಾನದ ನೆನಪಿಗೆ ಬೆಳ್ಳಿಯ ಹಂದಿಯೊಂದನ್ನು ಕಾಣಿಕೆಯಾಗಿ ಕೊಡಬೇಕೆಂದನು. ಕುರುಡು ಕಳೆದುಕೊಂಡ ಥಾಸೊಸ್ ದ್ವೀಪದ ಹೆರ್ಮೊನ್ ಕಾಣಿಕೆ ಕೊಡದೆ ಹೋದಾಗ ಮತ್ತೆ ಕುರುಡನಾದನು, ಮತ್ತೆ ಬಂದು ಮಲಗಿದಾಗ ಮತ್ತೆ ಗುಣವಾದನು. ಎಲ್ಲಕ್ಕಿಂತ ನನಗೆ ಪ್ರಿಯನಾದವನು ಇದೇ ಊರಿನ ಯೂಫನಿಸ್, ಕಲ್ಲಿನ ರೋಗದಿಂದ ನರಳುತ್ತಿದ್ದ ಹುಡುಗ. ಕನಸಿನಲ್ಲಿ ದೇವರು ಅವನ ಪಕ್ಕದಲ್ಲಿ ನಿಂತು, ನಿನ್ನನ್ನು ಗುಣಪಡಿಸಿದರೆ ನನಗೆ ಏನು ಕೊಡುತ್ತೀ ಎಂದು ಕೇಳಿದನು. ಹುಡುಗ, ಹತ್ತು ಆಟದ ದಾಳಗಳನ್ನು ಕೊಡುತ್ತೇನೆ ಎಂದನು. ಕುರಿಮೇಕೆಗಳ ಕಾಲಿನ ಗಿಣ್ಣಿನ ಮೂಳೆಗಳು ಅವು, ಆ ಕಾಲದ ಮಕ್ಕಳ ಆಸ್ತಿ. ದೇವರು ನಕ್ಕು, ಆಗಲಿ ಎಂದನು. ಬೆಳಗಾದಾಗ ಹುಡುಗ ಗುಣವಾಗಿ ನಡೆದು ಹೊರಬಂದನು.

ಹಿಂದಿನ ದಿನ ಕೊರಿಂತ್‌ನಲ್ಲಿ ಇದೇ ದೇವರಿಗೆ ಅರ್ಪಿಸಿದ ಸುಟ್ಟ ಮಣ್ಣಿನ ಕೈ, ಕಾಲು, ಕಿವಿಗಳನ್ನು ನೋಡಿದ್ದೆವು. ನಮ್ಮ ದೇವಸ್ಥಾನಗಳಲ್ಲಿ ಹರಕೆಯ ಬೆಳ್ಳಿಯ ಕಣ್ಣುಗಳನ್ನು ಹುಂಡಿಗೆ ಹಾಕುವುದನ್ನು ಕಂಡವರಿಗೆ ಅವು ಹೊಸದೆನಿಸುವುದಿಲ್ಲ. ಇಂದಿನ ಗ್ರೀಸಿನ ಚರ್ಚುಗಳಲ್ಲಿಯೂ ಕಣ್ಣು, ಕಾಲು, ಮಗುವಿನ ಅಚ್ಚಿರುವ ಲೋಹದ ತಗಡುಗಳು ದೇವರಪಟಗಳ ಮುಂದೆ ಸಾಲಾಗಿ ತೂಗುತ್ತವೆ.

ಮಧ್ಯಾಹ್ನದ ಮೇಲೆ ಮೈಸೀನಿ. ಸಿಂಹದ್ವಾರ ಭವ್ಯವಾಗಿದೆ, ಬಿಸಿಲು ಕಠಿಣವಾಗಿತ್ತು. ಇಲ್ಲಿ ಆಳಿದ ಏಟ್ರಿಯಸ್‌ನ ಅಜ್ಜ ಟ್ಯಾಂಟಲಸ್ ದೇವತೆಗಳ ಪಂಕ್ತಿಯಲ್ಲಿ ಕುಳಿತವನು, ಕೊನೆಗೆ ಅವರಿಗೆ ತನ್ನ ಮಗನನ್ನೇ ಕಡಿದು ಬಡಿಸಿದವನು. ಮಗಳ ದುಃಖದಲ್ಲಿದ್ದ ಡಿಮೀಟರ್ ಮಾತ್ರ ತಿಳಿಯದೆ ಭುಜದ ತುಂಡನ್ನು ತಿಂದುಬಿಟ್ಟಳೆಂಬ ಕಥೆಯನ್ನು ನೆನೆದಾಗ ಎಲ್ಯೂಸಿಸ್‌ನ ಬಾವಿ ಮತ್ತೆ ಕಣ್ಣಮುಂದೆ ಬಂದಿತು. ದೇವತೆಗಳನ್ನು ಹೊಟ್ಟೆಬಾಕರೆಂದು ಕರೆಯಲಾರೆನೆಂದು ಹೇಳಿ ಪಿಂಡಾರ್ ಈ ಕಥೆಯನ್ನೇ ತಿರಸ್ಕರಿಸಿದನು. ಆ ತಿರಸ್ಕಾರ ನನಗೂ ಸರಿಯೆನಿಸುತ್ತದೆ.

ಭಾನುವಾರ, ಥೀಬ್ಸ್

ಹೆದ್ದಾರಿಯನ್ನು ಬಿಟ್ಟು, ಕಿಥೆರಾನ್ ಬೆಟ್ಟವನ್ನು ಹತ್ತಿ ಇಳಿಯುವ ಹಳೆಯ ರಸ್ತೆಯಲ್ಲಿ ಥೀಬ್ಸ್‌ಗೆ ಹೋದೆವು. ಬೇಟೆಯ ದೇವಿ ಆರ್ಟೆಮಿಸ್ ಸ್ನಾನ ಮಾಡುತ್ತಿದ್ದುದನ್ನು ಕಂಡದ್ದಕ್ಕೆ ಜಿಂಕೆಯಾಗಿ ತನ್ನ ನಾಯಿಗಳಿಗೇ ಆಹಾರವಾದ ಆಕ್ಟಿಯಾನ್, ಡಯೊನೈಸಸ್‌ನನ್ನು ದೇವರೆಂದು ಒಪ್ಪದೆ ಹೆತ್ತ ತಾಯಿಯ ಕೈಯಲ್ಲೇ ಹರಿದುಹೋದ ಪೆಂಥಿಯಸ್, ಇಬ್ಬರೂ ಸತ್ತದ್ದು ಈ ಬೆಟ್ಟದಲ್ಲಿ, ಇಬ್ಬರೂ ಥೀಬ್ಸ್ ಕಟ್ಟಿದ ಕ್ಯಾಡ್ಮಸ್‌ನ ಮೊಮ್ಮಕ್ಕಳು. ಕ್ಯಾಡ್ಮಸ್‌ನ ಮದುವೆಗೆ ದೇವತೆಗಳೆಲ್ಲ ಬಂದು ಉಡುಗೊರೆ ಕೊಟ್ಟಿದ್ದರು. ಅಷ್ಟು ದೊಡ್ಡ ಅತಿಥಿಗಳು ಬಂದ ಮನೆಯ ಮಕ್ಕಳಲ್ಲಿ ಒಬ್ಬರೂ ಸುಖವಾಗಿ ಬಾಳಲಿಲ್ಲ.

ಕ್ಯಾಡ್ಮಸ್‌ನ ಮಗಳು ಸೆಮೆಲೆಯನ್ನು ಜ್ಯೂಸ್ ಪ್ರೀತಿಸಿದನು. ಅವನ ಹೆಂಡತಿ ಹೇರಾ ದೇವಿ ದಾದಿಯ ವೇಷದಲ್ಲಿ ಬಂದು, ಬಂದವನು ನಿಜವಾಗಿಯೂ ದೇವರೇ ಎಂದು ಪರೀಕ್ಷಿಸು ಎಂದು ಅವಳ ತಲೆಯಲ್ಲಿ ಅನುಮಾನ ತುಂಬಿದಳು. ಕೇಳಿದ್ದನ್ನು ಕೊಡುವೆನೆಂದು ಜ್ಯೂಸ್ ಪಾತಾಳದ ಸ್ಟಿಕ್ಸ್ ನದಿಯ ಮೇಲೆ ಆಣೆಯಿಟ್ಟ ಮೇಲೆ ಸೆಮೆಲೆ, ಹೇರಾಳ ಬಳಿ ಬರುವ ರೂಪದಲ್ಲಿಯೇ ತನ್ನ ಬಳಿಗೂ ಬಾ ಎಂದಳು. ಆ ಆಣೆಯನ್ನು ಮುರಿಯುವ ಶಕ್ತಿ ದೇವರಾಜನಿಗೂ ಇಲ್ಲ. ಅವನು ಸಿಡಿಲಾಗಿ ಬಂದನು, ಅವಳು ಸುಟ್ಟುಹೋದಳು, ಅವಳ ಗರ್ಭದ ಶಿಶು ಡಯೊನೈಸಸ್‌ನನ್ನು ಅವನು ತನ್ನ ತೊಡೆಯಲ್ಲಿ ಹೊಲಿದುಕೊಂಡು ಉಳಿಸಿದನು. ಸಿಡಿಲು ಬಿದ್ದ ಸೆಮೆಲೆಯ ಕೋಣೆಯನ್ನು ಪೌಸೇನಿಯಸ್‌ನ ಕಾಲದಲ್ಲಿಯೂ ತೋರಿಸುತ್ತಿದ್ದರಂತೆ, ಆದರೆ ಒಳಗೆ ಕಾಲಿಡಲು ಯಾರನ್ನೂ ಬಿಡುತ್ತಿರಲಿಲ್ಲ. ಇಂದು ಅರಮನೆಯ ಅವಶೇಷಗಳ ಮೇಲೆಯೇ ಊರು ಬೆಳೆದಿದೆ. ಕಾಫಿ ಅಂಗಡಿಗಳ ನಡುವೆ ಬೇಲಿ ಹಾಕಿದ ಅಗೆತದ ಗುಂಡಿಗಳಿವೆ. ಒಂದರ ಅಂಚಿನ ದಾಳಿಂಬೆ ಗಿಡದಲ್ಲಿ ಹಣ್ಣುಗಳು ಬಿರಿದಿದ್ದವು.

ಸೋಮವಾರ, ಡೆಲ್ಫಿ

ಪಾರ್ನಾಸಸ್ ಪರ್ವತದ ಮಗ್ಗುಲಲ್ಲಿ ಅರಾಕೊವಾ ಊರನ್ನು ದಾಟಿದೊಡನೆ ರಸ್ತೆ ತಿರುವಿ ಡೆಲ್ಫಿ ಎದುರಾಗುತ್ತದೆ. ಮೇಲೆ ಕೆಂಪುಬಂಡೆಗಳ ಗೋಡೆ, ಕೆಳಗೆ ಕಡಲಿನವರೆಗೆ ಆಲಿವ್ ತೋಪು. ಮೊದಲು ಮ್ಯೂಸಿಯಂಗೆ ಹೋದೆವು, ಏಕೆಂದರೆ ಆ ಇಬ್ಬರು ಅಣ್ಣತಮ್ಮಂದಿರನ್ನು ನೋಡಬೇಕಿತ್ತು. ಕ್ರಿ.ಪೂ. 580ರ ಸುಮಾರಿನ ಎರಡು ತರುಣರ ಶಿಲ್ಪಗಳು ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ. ಅವರು ದೇವತೆಗಳಾದ ಡಯೊಸ್ಕೂರಿ ಅವಳಿಗಳೆಂದು ಹೇಳುವ ವಿದ್ವಾಂಸರಿದ್ದರೂ ಹೆಚ್ಚಿನವರು ಗುರುತಿಸುವುದು ಆರ್ಗಸ್ ಊರಿನ ಕ್ಲಿಯೊಬಿಸ್ ಮತ್ತು ಬಿಟಾನ್ ಎಂದು. ದಪ್ಪ ತೊಡೆಗಳು, ಬಿಗಿದ ಮುಷ್ಟಿಗಳು, ಒಂದು ಹೆಜ್ಜೆ ಮುಂದಿಟ್ಟ ಎಡಗಾಲು; ಭಾರ ಎಳೆದವರ ಮೈಕಟ್ಟು.

ಅವರ ತಾಯಿ ಹೇರಾ ದೇವಿಯ ಹಬ್ಬಕ್ಕೆ ಹೋಗಬೇಕಾಗಿತ್ತು, ಎತ್ತುಗಳು ಹೊಲದಿಂದ ಬರಲಿಲ್ಲ. ಮಕ್ಕಳಿಬ್ಬರೂ ನೊಗಕ್ಕೆ ಹೆಗಲು ಕೊಟ್ಟು ಸುಮಾರು ಎಂಟು ಕಿಲೊಮೀಟರ್ ಗಾಡಿಯನ್ನು ಎಳೆದರು. ಜನರೆಲ್ಲ ಹೊಗಳಿದಾಗ ತಾಯಿ ಉಬ್ಬಿ, ಮನುಷ್ಯರಿಗೆ ಸಿಗಬಹುದಾದ ಅತ್ಯುತ್ತಮವಾದದ್ದನ್ನು ಇವರಿಗೆ ಕೊಡು ಎಂದು ದೇವಿಯ ಮುಂದೆ ನಿಂತು ಬೇಡಿಕೊಂಡಳು. ಊಟ ಮುಗಿಸಿ ಗುಡಿಯಲ್ಲಿಯೇ ಮಲಗಿದ ಮಕ್ಕಳು ಮತ್ತೆ ಏಳಲಿಲ್ಲ. ಹೆರೊಡೊಟಸ್‌ನಲ್ಲಿ ಸೊಲಾನ್ ಎಂಬ ಜ್ಞಾನಿ ಇದನ್ನು ಸುಖದ ಉದಾಹರಣೆಯಾಗಿ ಹೇಳುತ್ತಾನೆ. ತಾಯಿ ಮರುದಿನ ಏನೆಂದಳೆಂಬುದನ್ನು ಅವನು ಹೇಳುವುದಿಲ್ಲ. ಅವಳ ದೃಷ್ಟಿಯಿಂದ ನೋಡಿದರೆ, ಒಲೆಯ ಮುಂದೆ ಕೂಗಿ ದೇವಿಯ ವರವನ್ನು ತಪ್ಪಿಸಿದ ಮೆಟನೈರಾಳೇ ಪುಣ್ಯವಂತೆ ಎಂದು ನನಗನ್ನಿಸಿತು; ಅಕ್ಕ ಅದನ್ನು ನನಗಿಂತ ಮೊದಲೇ ಬಾಯಿಬಿಟ್ಟು ಹೇಳಿದಳು.

ಸೊಲಾನ್ ಆ ಕಥೆಯನ್ನು ಹೇಳಿದ್ದು ಲಿಡಿಯಾದ ಅರಸ ಕ್ರೀಸಸ್‌ಗೆ. ತನ್ನಷ್ಟು ಸುಖಿ ಯಾರೂ ಇಲ್ಲವೆಂದು ತಿಳಿದಿದ್ದ ಈ ಅರಸನ ಕಥೆಯ ಕೊನೆಯ ಪುಟ ಡೆಲ್ಫಿಯ ಅಪೊಲೊ ದೇಗುಲದ ಹೊಸ್ತಿಲಿನಲ್ಲಿದೆ. ಯಾವ ದೇವವಾಣಿ ನಿಜವೆಂದು ತಿಳಿಯಲು ಅವನು ಎಲ್ಲ ಕಡೆಗೂ ದೂತರನ್ನು ಕಳುಹಿಸಿ, ಹೊರಟ ನೂರನೆಯ ದಿನ ತಾನು ಏನು ಮಾಡುತ್ತಿರುವೆನೆಂದು ಕೇಳಿಸಿದನು. ಕಂಚಿನ ಪಾತ್ರೆಯಲ್ಲಿ ಆಮೆಯ ಮಾಂಸವೂ ಕುರಿಮರಿಯ ಮಾಂಸವೂ ಬೇಯುತ್ತಿರುವ ವಾಸನೆ ಬರುತ್ತಿದೆಯೆಂದು ಇಲ್ಲಿನ ಅರ್ಚಕಿ ಪಿಥಿಯಾ ಹೇಳಿದಳು. ಅವನು ಮಾಡಿದ್ದು ಅದನ್ನೇ. ಮೆಚ್ಚಿದ ಕ್ರೀಸಸ್ 117 ಚಿನ್ನದ ಇಟ್ಟಿಗೆಗಳನ್ನೂ ಅವುಗಳ ಮೇಲೆ ನಿಲ್ಲುವ ಚಿನ್ನದ ಸಿಂಹವನ್ನೂ ಕಳುಹಿಸಿದನು. ಬಳಿಕ, ಪರ್ಷಿಯನ್ನರ ಮೇಲೆ ಯುದ್ಧಕ್ಕೆ ಹೋದರೆ ದೊಡ್ಡ ರಾಜ್ಯವೊಂದು ನಾಶವಾಗುವುದೆಂಬ ವಾಣಿಯನ್ನು ನಂಬಿ ಹೋಗಿ, ನಾಶವಾದದ್ದು ತನ್ನದೇ ರಾಜ್ಯವೆಂದು ಕಂಡುಕೊಂಡನು.

ಇಲ್ಲಿಯವರೆಗೆ ಎಲ್ಲರೂ ಹೇಳುವ ಕಥೆ. ನಾನು ಡೆಲ್ಫಿಗೆ ಬಂದದ್ದು ಅದರ ಮುಂದಿನ ಭಾಗಕ್ಕಾಗಿ. ಸೆರೆಯಾದ ಕ್ರೀಸಸ್ ತನಗೆ ತೊಡಿಸಿದ್ದ ಬೇಡಿಗಳನ್ನು ದೂತರ ಕೈಯಲ್ಲಿ ಕಳುಹಿಸಿ, ದೇಗುಲದ ಹೊಸ್ತಿಲ ಮೇಲೆ ಇಡಿಸಿ, ಇಷ್ಟೆಲ್ಲ ಕೊಟ್ಟವನಿಗೆ ಕೃತಘ್ನರಾಗುವುದು ಗ್ರೀಕ್ ದೇವರುಗಳ ಪದ್ಧತಿಯೇ ಎಂದು ಕೇಳಿಸಿದನು. ಪವಿತ್ರ ಮಾರ್ಗದ ಏರನ್ನು ಹತ್ತಿ ದೇಗುಲದ ಇಳಿಜಾರುಹಾದಿಯ ಮುಂದೆ ನಿಂತಾಗ, ಅಷ್ಟು ಚಿನ್ನ ಬಂದ ಜಾಗಕ್ಕೇ ಕಬ್ಬಿಣ ಬಂದ ಆ ದಿನವನ್ನು ಊಹಿಸಿಕೊಂಡೆ. ದೇವರು ಸಿಡಿಲೆಸೆಯಲಿಲ್ಲ. ಪಿಥಿಯಾಳ ಬಾಯಿಂದ ಅಪೊಲೊ ಒಂದೊಂದಾಗಿ ಉತ್ತರ ಕೊಟ್ಟನು: ವಿಧಿಯನ್ನು ದೇವರೂ ಮೀರಲಾರನು, ಐದು ತಲೆಮಾರಿನ ಹಿಂದೆ ಒಡೆಯನನ್ನು ಕೊಂದು ಸಿಂಹಾಸನ ಹಿಡಿದ ಪೂರ್ವಜನ ಪಾಪವನ್ನು ಕ್ರೀಸಸ್ ತೀರಿಸಬೇಕಾಗಿತ್ತು, ಆ ನಾಶ ಅವನ ಮಕ್ಕಳ ಕಾಲಕ್ಕೆ ಬರಲೆಂದು ತಾನು ಕೇಳಿಕೊಂಡರೂ ವಿಧಿದೇವಿಯರು ಒಪ್ಪಲಿಲ್ಲ, ಮೂರು ವರ್ಷವನ್ನಷ್ಟೇ ಬಿಟ್ಟುಕೊಟ್ಟರು, ಪರ್ಷಿಯನ್ನರು ಅವನನ್ನು ಸುಡಲು ಹೊತ್ತಿಸಿದ ಚಿತೆಯ ಮೇಲೆ ಮಳೆ ಸುರಿಸಿ ಉಳಿಸಿದ್ದು ತಾನೇ, ನಾಶವಾಗುವುದು ಯಾವ ರಾಜ್ಯವೆಂದು ಅವನು ಮರಳಿ ಕೇಳಬೇಕಿತ್ತು. ಇದನ್ನು ಕೇಳಿ ಕ್ರೀಸಸ್ ತಪ್ಪು ತನ್ನದೇ, ದೇವರದಲ್ಲ ಎಂದು ಒಪ್ಪಿಕೊಂಡನೆಂದು ಹೆರೊಡೊಟಸ್ ಬರೆಯುತ್ತಾನೆ.

"ಮುತ್ತಜ್ಜನ ಕಾಲದ ಪಾಪಕ್ಕೆ ಇವನು ಯಾಕೆ ತಲೆಬಾಗಬೇಕು? ಒಪ್ಪಬಾರದಿತ್ತು," ಎಂದಳು ಅಕ್ಕ, ಬಿದ್ದ ಕಂಬದ ನೆರಳಿನಲ್ಲಿ ಕುಳಿತು.

"ಅದು ಸರಿ ಅಕ್ಕ, ಆದರೆ ಆ ಮೂರು ವರ್ಷ ಇದೆಯಲ್ಲ, ಅದು ಚಿಕ್ಕದಲ್ಲ," ಎಂದೆ.

ಅಡ್ಮೀಟಸ್‌ಗಾಗಿ ವಿಧಿದೇವಿಯರಿಗೆ ಕುಡಿಸಿ ಕಾಡಿಬೇಡಿದ್ದು ಇದೇ ಅಪೊಲೊ. ಅಂದು ಅವನು ಆ ಮನೆಯ ಅನ್ನದ ಋಣ ತೀರಿಸಿದ್ದನು. ಇಂದು ಚಿನ್ನದ ಋಣಕ್ಕೆ ಮತ್ತೆ ಆ ದೇವಿಯರ ಮುಂದೆ ನಿಂತು, ಒಬ್ಬ ಮರ್ತ್ಯನಿಗಾಗಿ ಚೌಕಾಸಿ ಮಾಡಿ, ಕೇಳಿದಷ್ಟು ಸಿಗದೆ ಮೂರು ವರ್ಷಕ್ಕೆ ಒಪ್ಪಿಬಂದು, ಬೇಡಿಗಳ ಮುಂದೆ ಅದರ ಲೆಕ್ಕವನ್ನೂ ಒಪ್ಪಿಸಿದನು. ಅಕ್ಕ ಇದನ್ನು ಒಪ್ಪಲಿಲ್ಲ. ಐದು ತಲೆಮಾರಿನ ಸಾಲಕ್ಕೆ ಮೂರು ವರ್ಷದ ರಿಯಾಯಿತಿ ಯಾವ ನ್ಯಾಯವೆಂದು ಅವಳು ರಂಗಮಂದಿರದ ಮೆಟ್ಟಿಲುಗಳವರೆಗೂ, ಅಲ್ಲಿಂದ ಕ್ರೀಡಾಂಗಣದವರೆಗೂ ವಾದಿಸುತ್ತಲೇ ಬಂದಳು.